ಯಾರೂ ನಿಲ್ಲದ ಶಿಲುಬೆ



ದಾರಿಯಲ್ಲಿ ಶಿಲುಬೆ ಕಂಡರೆ ನಮ್ಮ ಕೈ ತಾನಾಗಿಯೇ ಹಣೆಗೆ ಹೋಗುತ್ತದೆ. ಬಸ್ಸಿನ ಕಿಟಕಿಯಿಂದ ಕಂಡರೂ ಸರಿ, ತಲೆಯ ಮೇಲೆ ಸೌದೆಯ ಹೊರೆ ಇದ್ದರೂ ಸರಿ. ನಮ್ಮ ಅಜ್ಜಿಯಂದಿರು ನಮಗೆ ಕಲಿಸಿದ್ದು ಹಾಗೆ. ಆದರೆ ಸಾವಿರಾರು ಭಕ್ತರು ಜಪ ಮಾಡುತ್ತಾ, ಸಂತರ ಸ್ವರೂಪಗಳಿಗೆಲ್ಲ ತಲೆಬಾಗುತ್ತಾ ಬಂದು, ಒಂದು ಶಿಲುಬೆಯ ಮುಂದೆ ಮಾತ್ರ ಶಿಲುಬೆ ಗುರುತು ಹಾಕದೆ, ನಿಲ್ಲದೆ, ಸುಮ್ಮನೆ ಮುಂದೆ ಸಾಗುವ ವಾಡಿಕೆ ಒಂದೂರಿನಲ್ಲಿದೆ ಎಂದರೆ ನೀವು ನಂಬುವಿರಾ? ಅದೂ ಕ್ರೈಸ್ತರ ಊರು, ಕ್ರೈಸ್ತರದೇ ಮೆರವಣಿಗೆ. ಆ ಮೆರವಣಿಗೆಯ ಹಬ್ಬಕ್ಕೆ ಅವರು ಕರೆಯುವ ಹೆಸರಾದರೋ 'ಪಾರ್ದೊಂ', ಅಂದರೆ ಕ್ಷಮೆ!

ಊರಿನ ಹೆಸರು ಲೊಕ್ರೊನಾನ್. ಫ್ರಾನ್ಸ್ ದೇಶದ ಪಶ್ಚಿಮ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿ ಎಂಬ ಪ್ರಾಂತ್ಯವಿದೆ. ಇಂಗ್ಲೆಂಡಿನ ಬ್ರಿಟನ್ ಎಂದು ತಪ್ಪು ತಿಳಿಯಬೇಡಿ, ಇದು ಫ್ರಾನ್ಸಿನದು. ಅದರ ಕಟ್ಟಕಡೆಯ ಜಿಲ್ಲೆಗೆ ಫಿನಿಸ್ತೇರ್ ಎಂದು ಹೆಸರು. ಲತೀನಿನಲ್ಲಿ ಅದರ ಅರ್ಥ ಭೂಮಿಯ ಅಂಚು. ಕೆಂಪೇರ್ ಮೇತ್ರಾಸನಕ್ಕೆ ಸೇರಿದ ಈ ಊರಿನಲ್ಲಿ ಇರುವುದು ಎಂಟುನೂರರ ಆಸುಪಾಸು ಜನ. ನಮ್ಮ ಒಂದು ಸಣ್ಣ ಧರ್ಮಕೇಂದ್ರದಷ್ಟು. ನಾನು ಆ ಊರನ್ನು ಕಣ್ಣಾರೆ ಕಂಡವನಲ್ಲ. ಸೆಮಿನರಿಯಲ್ಲಿದ್ದಾಗ ತೀರ್ಥಯಾತ್ರೆಗಳ ಬಗ್ಗೆ ಓದುವಾಗ ಅದರ ಹೆಸರು ಕಣ್ಣಿಗೆ ಬಿತ್ತು, ಅಂದಿನಿಂದ ಬಿಡದೆ ಬೆನ್ನು ಹತ್ತಿದೆ.

ಊರ ನಡುವೆ ಕಲ್ಲು ಹಾಸಿದ ಚೌಕ, ಚೌಕದಲ್ಲಿ ಹಳೆಯ ಬಾವಿ, ಸುತ್ತಲೂ ಬೂದುಬಣ್ಣದ ಕಗ್ಗಲ್ಲಿನ ಮನೆಗಳು, ಒಂದು ಬದಿಗೆ 15ನೇ ಶತಮಾನದ ದೊಡ್ಡ ದೇವಾಲಯ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಮನೆಗಳು ಹೇಗೆ ಬಂದವು? ನೇಯ್ಗೆಯಿಂದ. ಸೆಣಬನ್ನು ನೂತು ಹಡಗಿನ ಹಾಯಿಗೆ ಬೇಕಾದ ಗಟ್ಟಿ ಬಟ್ಟೆಯನ್ನು ಈ ಊರಿನವರು ನೇಯುತ್ತಿದ್ದರು. 16 ಮತ್ತು 17ನೇ ಶತಮಾನಗಳಲ್ಲಿ ಆ ಬಟ್ಟೆ ಹೊರದೇಶಗಳಿಗೂ ಹೋಗುತ್ತಿತ್ತು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಕಛೇರಿ ಇದ್ದ ಮನೆಯನ್ನು ಚೌಕದಲ್ಲಿ ಇಂದಿಗೂ ತೋರಿಸುತ್ತಾರೆ. ನಮ್ಮ ಪುದುಚೇರಿಗೆ ಬಂದ ಹಡಗುಗಳ ಹಾಯಿಗಳಲ್ಲಿ ಲೊಕ್ರೊನಾನಿನ ತಾಯಂದಿರು ನೂತ ನೂಲೂ ಇದ್ದಿರಬಹುದು. ಮುಂದೆ ಬೇರೆ ಊರುಗಳ ಪೈಪೋಟಿಗೆ ಸಿಕ್ಕಿ ಮಗ್ಗಗಳು ನಿಂತವು, ಊರು ಬಡವಾಯಿತು. ಬಡವಾದದ್ದರಿಂದಲೇ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಹಣ ಉಳಿಯಲಿಲ್ಲ, ಊರು ಇದ್ದಂತೆಯೇ ಉಳಿಯಿತು. ಇಂದು ಅದನ್ನೇ ನೋಡಲು ಪ್ರವಾಸಿಗರು ಬರುತ್ತಾರೆ. 'ಟೆಸ್' (1979) ಎಂಬ ಚಲನಚಿತ್ರದವರು ಹಳೆಯ ಇಂಗ್ಲೆಂಡನ್ನು ತೋರಿಸಲು ಹುಡುಕಿಕೊಂಡು ಬಂದದ್ದೂ ಈ ಚೌಕಕ್ಕೇ. ಹಿಂದೆ ನೇಕಾರರಿದ್ದ ಬೀದಿಯಲ್ಲಿ ಈಗ ಚಿತ್ರಕಲೆಯ ಅಂಗಡಿಗಳು, ಹಿಟ್ಟಿಗೆ ಬೆಣ್ಣೆ ಸಕ್ಕರೆಗಳನ್ನು ಪದರಪದರವಾಗಿ ಸೇರಿಸಿ ಬೇಯಿಸುವ 'ಕುಯಿನ್-ಅಮಾನ್' ಎಂಬ ತಿಂಡಿಯ ಪರಿಮಳ. ಇರಲಿ, ನಾನು ಹೇಳಹೊರಟದ್ದು ಅದಲ್ಲ.

ಊರಿಗೆ ಆ ಹೆಸರು ಬಂದದ್ದು ಸಂತ ರೊನಾನರಿಂದ. ಸುಮಾರು 6ನೇ ಶತಮಾನದಲ್ಲಿ ಐರ್ಲೆಂಡಿನಿಂದ ಬಂದ ಏಕಾಂತವಾಸಿ ಎಂದು ಅವರ ಬಗ್ಗೆ ಪರಂಪರೆ ಹೇಳುತ್ತದೆ. ನೆವೆ ಎಂಬ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡರು. ಬರಿಗಾಲಿನಲ್ಲಿ, ಉಪವಾಸವಿದ್ದು, ತಮ್ಮ ಗುಡಿಸಲಿನ ಸುತ್ತಣ ನೆಲವನ್ನು ಪ್ರದಕ್ಷಿಣೆ ಹಾಕುತ್ತಿದ್ದರು. ದಿನವೂ ಚಿಕ್ಕ ಸುತ್ತು, ವಾರಕ್ಕೊಮ್ಮೆ ದೊಡ್ಡ ಸುತ್ತು. ಆ ಹೆಜ್ಜೆಗಳ ಮೇಲೆಯೇ ಊರಿನವರು ಇಂದಿಗೂ ನಡೆಯುತ್ತಾರೆ. ಅದಕ್ಕೆ 'ತ್ರೊಮೆನಿ' ಎಂದು ಹೆಸರು. ಬ್ರೆಟನ್ ಭಾಷೆಯಲ್ಲಿ 'ತ್ರೊ' ಎಂದರೆ ಸುತ್ತು, 'ಮಿನಿಹಿ' ಎಂದರೆ ಸಂನ್ಯಾಸಿಗಳ ಆಶ್ರಯಭೂಮಿ. ರಾಜನ ಭಟರು ಅಟ್ಟಿಸಿಕೊಂಡು ಬಂದ ಅಪರಾಧಿಯೂ ಮಿನಿಹಿಯ ಎಲ್ಲೆಯೊಳಕ್ಕೆ ಕಾಲಿಟ್ಟರೆ ಅವನನ್ನು ಮುಟ್ಟುವಂತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಚಿಕ್ಕ ತ್ರೊಮೆನಿ. ಆರು ವರ್ಷಕ್ಕೊಮ್ಮೆ ಮಹಾ ತ್ರೊಮೆನಿ: ಹನ್ನೆರಡು ಕಿಲೋಮೀಟರ್ ದಾರಿ, ಹನ್ನೆರಡು ನಿಲುಗಡೆಗಳು, ಎರಡನೆಯ ಭಾನುವಾರದಿಂದ ಮೂರನೆಯ ಭಾನುವಾರದವರೆಗೆ ಒಂದು ವಾರದ ಹಬ್ಬ. ಕಳೆದ ಬಾರಿ ನಡೆದದ್ದು 2025ರ ಜುಲೈನಲ್ಲಿ. ಸಂತರ ಅವಶೇಷ, ಅವರದೆನ್ನುವ ಗಂಟೆ, ಸುತ್ತಲಿನ ಧರ್ಮಕೇಂದ್ರಗಳ ಶಿಲುಬೆಗಳು, ಕಸೂತಿಯ ಪತಾಕೆಗಳು, ಮುಂದೆ ತಮಟೆಯವರು. ಎರಡು ಊರುಗಳ ಪತಾಕೆಗಳು ಎದುರುಬದುರಾದಾಗ ಒಂದಕ್ಕೊಂದು ಬಾಗಿ ಮುತ್ತಿಕ್ಕುವುದು ಬ್ರಿಟನಿಯ ಹಬ್ಬಗಳ ರೂಢಿ. ದಾರಿಯುದ್ದಕ್ಕೂ ಸೊಪ್ಪುಸದೆಯಿಂದ ಹೆಣೆದ ನಲವತ್ತಕ್ಕೂ ಹೆಚ್ಚು ಪುಟ್ಟ ಚಪ್ಪರಗಳು. ಒಂದೊಂದರಲ್ಲೂ ಒಬ್ಬೊಬ್ಬ ಸಂತರ ಸ್ವರೂಪ, ಪಕ್ಕದಲ್ಲಿ ಕಾಯುವ ಊರವರು, ಕಾಣಿಕೆಯ ತಟ್ಟೆ. ಹೊಲದ ಬೇಲಿಗಳು ಆ ವಾರ ತೆರೆದುಕೊಳ್ಳುತ್ತವೆ. ಬೇರೆ ದಿನಗಳಲ್ಲಿ ಯಾರೂ ತುಳಿಯದ ಖಾಸಗಿ ಜಮೀನಿನ ಮೇಲೆ ದಾರಿ ಹಾದುಹೋಗುತ್ತದೆ. ಅದು ನಿಜಕ್ಕೂ ದೊಡ್ಡ ಮಾತು. ಒಂದಡಿ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ನಾವು ಕಂಡಿಲ್ಲವೇ?

ಬದುಕಿರುವಾಗ ಒಮ್ಮೆಯಾದರೂ ಈ ಸುತ್ತನ್ನು ನಡೆಯದವರು ಸತ್ತ ಮೇಲೆ ನಡೆಯಬೇಕಾಗುತ್ತದೆ, ಅದೂ ಒಂದೊಂದು ಸಲಕ್ಕೆ ತಮ್ಮ ಶವಪೆಟ್ಟಿಗೆಯ ಉದ್ದದಷ್ಟೇ ಮುಂದಕ್ಕೆ ಸಾಗಬೇಕಾಗುತ್ತದೆ ಎಂಬುದು ಅಲ್ಲಿನ ಹಳಬರ ನಂಬಿಕೆ. ದೇವಶಾಸ್ತ್ರ ಓದಿದವರು ಇದನ್ನು ಕೇಳಿ ನಗಬಹುದು. ನಾನು ನಗಲಾರೆ. ತಲುಪಲೇಬೇಕು, ಆದರೆ ಬೇಗ ತಲುಪಲಾಗುವುದಿಲ್ಲ ಎಂಬ ಆ ಚಿತ್ರಕ್ಕಿಂತ ಚೆನ್ನಾಗಿ ಶುದ್ಧೀಕರಣಸ್ಥಳವನ್ನು ನನಗೆ ಯಾವ ಪುಸ್ತಕವೂ ವಿವರಿಸಿಲ್ಲ.

ಇನ್ನು ಆ ಶಿಲುಬೆಯ ಮಾತಿಗೆ ಬರುತ್ತೇನೆ.

ರೊನಾನರ ಗುಡಿಸಲಿನ ಬಳಿ ಒಂದು ಒಕ್ಕಲು ಸಂಸಾರವಿತ್ತು. ಗಂಡನಿಗೆ ಸಂತರ ಮಾತೆಂದರೆ ಪ್ರಾಣ. ಹೊತ್ತು ಗೊತ್ತಿಲ್ಲದೆ ಅವರ ಬಳಿ ಹೋಗಿ ಕುಳಿತುಬಿಡುತ್ತಿದ್ದ. ಹೆಂಡತಿಯ ಹೆಸರು ಕೆಬೆನ್. ಹೊಲದ ಕೆಲಸ ನಿಂತಿತು, ಮನೆಯ ಭಾರವೆಲ್ಲ ಅವಳ ತಲೆಯ ಮೇಲೆ ಬಿತ್ತು. ಅವಳು ಸಿಟ್ಟಾದಳು. ಸಿಟ್ಟು ದ್ವೇಷವಾಯಿತು. ಈ ಸಂನ್ಯಾಸಿ ರಾತ್ರಿ ತೋಳದ ರೂಪ ತಾಳಿ ಕುರಿಗಳನ್ನು ತಿನ್ನುತ್ತಾನೆಂದು ಊರ ತುಂಬ ಹೇಳಿದಳು. ಅಷ್ಟಕ್ಕೂ ಸಮಾಧಾನವಾಗದೆ ತನ್ನ ಸಣ್ಣ ಮಗಳನ್ನು ಒಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ತೋಳವಾಗಿ ಬಂದ ಸಂನ್ಯಾಸಿ ನನ್ನ ಮಗುವನ್ನು ತಿಂದನೆಂದು ಗ್ರಾಡ್ಲೋನ್ ರಾಜನ ಬಳಿ ದೂರಿತ್ತಳು. ರಾಜ ರೊನಾನರ ಮೇಲೆ ಎರಡು ಕ್ರೂರ ನಾಯಿಗಳನ್ನು ಬಿಡಿಸಿದ. ಸಂತರು ಶಿಲುಬೆಯ ಗುರುತು ಮಾಡಿದರು. ನಾಯಿಗಳು ಪಾದದ ಬಳಿ ಮಲಗಿದವು. ಪೆಟ್ಟಿಗೆ ತೆರೆದಾಗ ಮಗು ಉಸಿರುಕಟ್ಟಿ ಸತ್ತಿತ್ತು. ಸಂತರು ಅದನ್ನು ಬದುಕಿಸಿದರು. ಅವಳ ಕಾಟ ಮಾತ್ರ ನಿಲ್ಲಲಿಲ್ಲ. ಕೊನೆಗೆ ರೊನಾನರೇ ಊರು ಬಿಟ್ಟು ದೂರದ ಇಲ್ಯೋನ್ ಎಂಬಲ್ಲಿಗೆ ಹೋಗಿ ಅಲ್ಲೇ ಪ್ರಾಣ ಬಿಟ್ಟರು.

ದೇಹವನ್ನು ಎಲ್ಲಿ ಹೂಳುವುದೆಂಬ ವ್ಯಾಜ್ಯ ಹುಟ್ಟಿತು. ಗಾಡಿಯಲ್ಲಿಟ್ಟು, ಎತ್ತುಗಳನ್ನು ಹೊಡೆಯದೆ ಬಿಟ್ಟರು. ಎತ್ತುಗಳು ತಾವಾಗಿಯೇ ನೆವೆ ಕಾಡಿನ ದಾರಿ ಹಿಡಿದವು. ಊರು ಹತ್ತಿರವಾದಾಗ ಕೆಬೆನ್ ಬಟ್ಟೆ ಒಗೆಯುತ್ತಿದ್ದಳು. ಸತ್ತ ಮೇಲೂ ಬಂದೆಯಾ ಎಂಬಂತೆ ಕೈಯಲ್ಲಿದ್ದ ಕೊಡತಿಯನ್ನು ಬೀಸಿ ಎತ್ತಿನ ಕೊಂಬಿಗೆ ಹೊಡೆದಳು. ಮುರಿದ ಕೊಂಬು ಬಿದ್ದ ಜಾಗ ಇಂದಿಗೂ 'ಕೊಂಬಿನ ಠಾವು' ಎಂದೇ ಹೆಸರಾಗಿದೆ. ಬೆಟ್ಟದ ನೆತ್ತಿಯ ಮೇಲಿರುವ ಅದು ಮೆರವಣಿಗೆಯ ಮುಖ್ಯ ನಿಲುಗಡೆ. ಕೆಬೆನ್‌ಳನ್ನು ಮಾತ್ರ ಭೂಮಿ ಬಾಯ್ದೆರೆದು ನುಂಗಿತಂತೆ. ನುಂಗಿದ ಸ್ಥಳದಲ್ಲಿ ಒಂದು ಕಲ್ಲಿನ ಶಿಲುಬೆ ಇದೆ. ಕೆಬೆನ್‌ಳ ಶಿಲುಬೆ ಎನ್ನುತ್ತಾರೆ. ಯಾರೂ ನಿಲ್ಲದ, ಯಾರೂ ಹಣೆ ಮುಟ್ಟಿಕೊಳ್ಳದ ಶಿಲುಬೆ ಅದೇ.

ಇದು ಐತಿಹ್ಯ, ಇತಿಹಾಸವಲ್ಲ. ದೊನಾಸ್ಯಾಂ ಲೊರಾಂ ಎಂಬ ಬ್ರೆಟನ್ ವಿದ್ವಾಂಸರು (1935–2020) ಈ ಹನ್ನೆರಡು ನಿಲುಗಡೆಗಳ ದಾರಿಯಲ್ಲಿ ಕ್ರೈಸ್ತಪೂರ್ವ ಕೆಲ್ಟಿಕ್ ಜನರ ಹನ್ನೆರಡು ತಿಂಗಳ ಪಂಚಾಂಗದ ಗುರುತನ್ನು ಕಂಡರು. ನೆವೆ ಎಂಬ ಹೆಸರೇ ಕೆಲ್ಟರ ಪವಿತ್ರವನವನ್ನು ಸೂಚಿಸುವ 'ನೆಮೆಟಾನ್' ಎಂಬ ಹಳೆಯ ಮಾತಿನಿಂದ ಬಂದದ್ದು. ಕೆಬೆನ್ ಕೂಡ ಆ ಹಳೆಯ ಧರ್ಮದ ನೆರಳೇ ಇರಬಹುದೆಂದು ಊಹಿಸುವವರಿದ್ದಾರೆ. ಇರಬಹುದು. ಆದರೆ ಹಬ್ಬಕ್ಕೆ ಬಂದ ರೈತನಿಗೆ ಅವಳು ನೆರಳಲ್ಲ, ಹೆಣ್ಣು. ಬ್ರೆಟನ್ ಮಾತಿನಲ್ಲಿ ಇವತ್ತಿಗೂ 'ಕೆಬೆನ್' ಎಂದರೆ ಗಯ್ಯಾಳಿ ಎಂದೇ ಅರ್ಥ. ಒಬ್ಬ ಹೆಂಗಸಿನ ಹೆಸರು ನಿಘಂಟಿನ ಬೈಗುಳವಾಗಿ ನಿಂತಿದೆ.

ಆ ಭಾಷೆಗೂ ಒಳ್ಳೆಯ ಕಾಲವೇನೂ ಬರಲಿಲ್ಲ. ಶಾಲೆಯಲ್ಲಿ ಬ್ರೆಟನ್ ಆಡಿದ ಮಗುವಿನ ಕೊರಳಿಗೆ ಮರದ ತುಂಡನ್ನೋ ಹಳೆಯ ಮೆಟ್ಟನ್ನೋ ಕಟ್ಟಿ ಅವಮಾನಿಸುತ್ತಿದ್ದ ಕಾಲವಿತ್ತು. 1902ರಲ್ಲಿ ಫ್ರೆಂಚ್ ಸರ್ಕಾರ ಪ್ರಬೋಧನೆಗೂ ಧರ್ಮೋಪದೇಶಕ್ಕೂ ಬ್ರೆಟನ್ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಒಪ್ಪದ ಗುರುಗಳ ಸಂಬಳ ತಡೆಯಿತು. ಅಂದು ಗುರುಗಳು ಜನರ ಭಾಷೆಯ ಪಕ್ಷ ವಹಿಸಿದರು. ಆದರೂ ಎರಡನೆಯ ಮಹಾಯುದ್ಧದ ನಂತರ ತಾಯಂದಿರೇ ಮಕ್ಕಳೊಡನೆ ಫ್ರೆಂಚ್ ಮಾತನಾಡತೊಡಗಿದರು. ಮಕ್ಕಳಿಗೆ ನಾವು ಪಟ್ಟ ನಾಚಿಕೆ ಬೇಡ ಎಂದು. ಈಗ ತ್ರೊಮೆನಿಯ ಹಾಡುಗಳಲ್ಲಿ ಬ್ರೆಟನ್ ಕೇಳಿಸುತ್ತದೆ, ಅಡುಗೆಮನೆಯಲ್ಲಿ ಅಪರೂಪ.

ಪ್ರಿಯರೇ, ಕೆಬೆನ್‌ಳ ಪಕ್ಷ ವಹಿಸಿ ಮಾತನಾಡಲು ಒಬ್ಬ ಗುರುವಿಗೆ ಸ್ವಲ್ಪ ಧೈರ್ಯ ಬೇಕು. ಅವಳು ಸುಳ್ಳು ಹೇಳಿದಳು. ನಿರಪರಾಧಿಯನ್ನು ನಾಯಿಗಳಿಗೆ ಒಪ್ಪಿಸಿದಳು. ಇದು ಘೋರ ಪಾಪ. ಆದರೆ ಕಥೆಯ ಮೊದಲ ವಾಕ್ಯವನ್ನು ನಾವು ಬೇಗ ದಾಟಿಬಿಡುತ್ತೇವೆ. ಅವಳ ಗಂಡ ಎಲ್ಲಿದ್ದ? ಪ್ರಾರ್ಥನೆಯಲ್ಲಿದ್ದ. ದನಕ್ಕೆ ಹುಲ್ಲು ಹಾಕುವವರು ಯಾರು, ಹೊಲ ಉಳುವವರು ಯಾರು, ಮಗುವಿನ ಜ್ವರಕ್ಕೆ ರಾತ್ರಿ ಎದ್ದವರು ಯಾರು ಎಂದು ಐತಿಹ್ಯ ಬರೆದಿಡಲಿಲ್ಲ. ಮಾರ್ತಳ ಕಥೆ ನಿಮಗೆ ಗೊತ್ತಿದೆ (ಲೂಕ 10). ತಂಗಿ ಕೆಲಸಕ್ಕೆ ಬರುತ್ತಿಲ್ಲವೆಂದು ಅವಳೂ ದೂರಿದಳು. ಪ್ರಭು ಅವಳನ್ನು ತಿದ್ದಿದರು, ಆದರೆ ಹೆಸರು ಹಿಡಿದು ಎರಡು ಸಲ ಕರೆದು ತಿದ್ದಿದರು. ಆ ಎರಡು ಸಲದ ಕರೆಯಲ್ಲಿ ಎಷ್ಟು ಪ್ರೀತಿ ಇದೆ! ಯೊವಾನ್ನರ ಶುಭಸಂದೇಶಕ್ಕೆ ಹೋದರೆ, ಲಾಜರನ ಮರಣದ ಸಂದರ್ಭದಲ್ಲಿ ವಿಶ್ವಾಸವನ್ನು ಬಾಯಿತುಂಬ ಒಪ್ಪಿಕೊಂಡವಳು ಅದೇ ಮಾರ್ತಳೇ. ಕೆಬೆನ್‌ಳನ್ನು ಹಾಗೆ ಎರಡು ಸಲ ಹೆಸರಿಡಿದು ಕರೆದವರು ಯಾರಾದರೂ ಇದ್ದರೇ ಎಂದು ನಾನು ಯೋಚಿಸುತ್ತೇನೆ.

ನನ್ನದೇ ತಪ್ಪನ್ನು ಹೇಳುತ್ತೇನೆ. ಧರ್ಮಕೇಂದ್ರದ ಗುರುವಿಗೆ ಕೆಲಸಕ್ಕೆ ಕರೆದ ಕೂಡಲೇ ಓಡಿಬರುವ ಗಂಡಸರೆಂದರೆ ಇಷ್ಟ. ಹಬ್ಬದ ಚಪ್ಪರ, ತೇರಿನ ಅಲಂಕಾರ, ರಾತ್ರಿಯ ಜಾಗರಣೆ, ಪ್ರಾರ್ಥನಾಕೂಟ. ಎಂಥ ಭಕ್ತ ಎಂದು ನಾವು ಪೀಠದಿಂದಲೇ ಹೊಗಳುತ್ತೇವೆ. ಮನೆ ಭೇಟಿಗೆ ಹೋದಾಗ ಹೆಂಡತಿ ಬಾಗಿಲಲ್ಲಿ ನಿಂತು, ಮುಖ ಗಂಟು ಹಾಕಿಕೊಂಡು, "ಸ್ವಾಮಿ, ಅವರು ಮನೇಲಿರೋದೇ ಇಲ್ಲ, ನಿಮ್ಮ ಹತ್ರನೇ ಇರ್ತಾರಲ್ಲ" ಎಂದರೆ ನಮಗೆ ಚುರುಕ್ಕೆನ್ನುತ್ತದೆ. ಈಕೆಗೆ ಭಕ್ತಿ ಸಾಲದು ಎಂದು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡು ಬರುತ್ತೇವೆ. ಬಹಳ ವರ್ಷಗಳವರೆಗೆ ನಾನು ಬರೆದದ್ದೂ ಹಾಗೆಯೇ.

ಇದರ ಇನ್ನೊಂದು ಮಗ್ಗುಲನ್ನೂ ಅದೇ ಲೊಕ್ರೊನಾನ್ ತೋರಿಸಿಕೊಡುತ್ತದೆ. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಆ ಊರಿನ ಮೇಯರಾಗಿದ್ದವರು ಶಾರ್ಲ್ ದಾನಿಯೆಲೂ (1878–1953). ಫ್ರಾನ್ಸಿನಲ್ಲಿ ಮಂತ್ರಿಯೂ ಆದರು. ರಾಜ್ಯವನ್ನೂ ಧರ್ಮಸಭೆಯನ್ನೂ ಬೇರೆ ಬೇರೆ ಇಡಬೇಕೆಂಬ ಪಾಳಯದ ರಾಜಕಾರಣಿ. ಅವರ ಪತ್ನಿ ಮದಲೇನ್ ಆದರೋ ಗಾಢ ವಿಶ್ವಾಸಿ. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಸಂಸ್ಥೆಗಳನ್ನು ಕಟ್ಟಿದವರು. ಒಬ್ಬ ಮಗ ಝಾಂ, ಯೇಸುಸಭೆಯ ಗುರುವಾಗಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ತಜ್ಞರಾಗಿದ್ದು, 1969ರಲ್ಲಿ ಕಾರ್ಡಿನಲ್ ಆದರು. ಧರ್ಮಪಿತೃಗಳ ಬಗ್ಗೆ ಅವರು ಬರೆದದ್ದನ್ನು ಸೆಮಿನರಿಯಲ್ಲಿ ಓದದವರಿಲ್ಲ. ಇನ್ನೊಬ್ಬ ಮಗ ಅಲೇನ್ (1907–1994) ಕಾಶಿಗೆ ಬಂದು ವರ್ಷಗಟ್ಟಲೆ ನೆಲೆಸಿ, ವೀಣೆ ಕಲಿತು, ಹಿಂದೂಧರ್ಮವನ್ನೇ ಅಪ್ಪಿಕೊಂಡು, ಮುಂದೆ ಮದರಾಸಿನ ಅಡ್ಯಾರ್ ಗ್ರಂಥಾಲಯದಲ್ಲೂ ಕೆಲಸ ಮಾಡಿದರು. ಒಂದೇ ಮನೆ, ನಾಲ್ಕು ದಾರಿ. ಅಲ್ಲಿ ಪ್ರಾರ್ಥನೆಯಲ್ಲಿದ್ದವಳು ಹೆಂಡತಿ, ಆ ದಾರಿಗೆ ಬಾರದವರು ಗಂಡ. ಆದರೂ ಭೂಮಿ ಬಾಯ್ದೆರೆದು ಮೇಯರನ್ನು ನುಂಗಲಿಲ್ಲ, ಅವರ ಹೆಸರು ಬೈಗುಳವೂ ಆಗಲಿಲ್ಲ. ವಿಶ್ವಾಸದ ದಾರಿಯಲ್ಲಿ ಜೊತೆಗೆ ನಡೆಯದ ಗಂಡಿಗೆ ಸಿಕ್ಕುವ ರಿಯಾಯಿತಿ ಹೆಣ್ಣಿಗೆ ಸಿಕ್ಕುವುದಿಲ್ಲ. ಬ್ರಿಟನಿಯಲ್ಲಷ್ಟೇ ಹೀಗೆ ಎಂದು ನಾನು ಹೇಳುವುದಿಲ್ಲ.

ನನ್ನನ್ನು ಅತಿಯಾಗಿ ಕಾಡುವುದು ಆ ಪೆಟ್ಟಿಗೆ. ಕೆಬೆನ್‌ಗೆ ಮಗಳನ್ನು ಕೊಲ್ಲುವ ಉದ್ದೇಶವಿರಲಿಲ್ಲ. ವೈರಿಯನ್ನು ಸೋಲಿಸುವವರೆಗೆ, ಒಂದೆರಡು ದಿನ, ಮಗು ಸುಮ್ಮನೆ ಒಳಗಿದ್ದರೆ ಸಾಕಿತ್ತು. ಗಂಡಹೆಂಡಿರ ಜಗಳದಲ್ಲಿ, ಅತ್ತೆಸೊಸೆಯರ ಜಗಳದಲ್ಲಿ, ಆಸ್ತಿಯ ಜಗಳದಲ್ಲಿ ನಾವೂ ಹೀಗೆಯೇ ಮಕ್ಕಳನ್ನು ಒಳಗಿಟ್ಟು ಮುಚ್ಚುತ್ತೇವೆ. "ಆ ಮನೆಗೆ ಹೋಗಬೇಡ", "ಚಿಕ್ಕಪ್ಪನ ಹತ್ತಿರ ಮಾತಾಡಬೇಡ", "ಅಪ್ಪನಿಗೆ ಹೇಳಬೇಡ". ಒಳಗೆ ಗಾಳಿ ಇಲ್ಲವೆಂಬುದು ಹೊರಗೆ ಗೆದ್ದುಕೊಂಡು ಬಂದವರಿಗೆ ತಿಳಿಯುವುದು ಮುಚ್ಚಳ ತೆರೆದ ಮೇಲೆ. ಸಂತ ರೊನಾನರು ಆ ಮಗುವನ್ನು ಎತ್ತಿ ಬದುಕಿಸಿ, ಮಠಕ್ಕೆ ಕೊಡಲಿಲ್ಲ, ರಾಜನಿಗೆ ಕೊಡಲಿಲ್ಲ. ತನ್ನ ಮೇಲೆ ನಾಯಿ ಬಿಡಿಸಿದ ತಾಯಿಯ ಮಡಿಲು ಬರಿದಾಗಲು ಬಿಡಲಿಲ್ಲ. ಅವರ ಮಟ್ಟಿಗೆ ವ್ಯಾಜ್ಯ ಅಲ್ಲಿಗೆ ಮುಗಿದಿತ್ತು. ಮುಗಿಸದೆ ಉಳಿಸಿಕೊಂಡವರು ಊರಿನವರು.

ಇನ್ನು ಮಿನಿಹಿಯ ಮಾತು. ಕಳ್ಳನಿಗೂ ಕೊಲೆಗಾರನಿಗೂ ಆಶ್ರಯ ಕೊಟ್ಟ ನೆಲವದು. ಅದರ ಎಲ್ಲೆಯನ್ನೇ ಅವರು ಸುತ್ತುವುದು. ಪಾಪನಿವೇದನೆ ಮಾಡಿ, ದಂಡನೆಯ ವಿಮೋಚನೆ ಪಡೆದು ಹೋಗುವ ಹಬ್ಬವಾದ್ದರಿಂದಲೇ ಅದಕ್ಕೆ ಕ್ಷಮೆ ಎಂಬ ಹೆಸರು. ಆ ಎಲ್ಲೆಯ ಮೇಲೆಯೇ ಒಬ್ಬಳನ್ನು ನೂರಾರು ವರ್ಷಗಳಿಂದ ಕ್ಷಮಿಸದೆ ದಾಟುತ್ತಾರೆ. ನಮ್ಮ ಧರ್ಮಸಭೆ ಸಾವಿರಾರು ಮಂದಿಯನ್ನು ಸಂತರೆಂದು ಘೋಷಿಸಿದೆ. ಆದರೆ ಇಂಥವನು ನರಕದಲ್ಲಿದ್ದಾನೆಂದು ಒಬ್ಬನ ಬಗ್ಗೆಯೂ, ಯೂದನ ಬಗ್ಗೆಯೂ, ಅಧಿಕೃತವಾಗಿ ಘೋಷಿಸಿಲ್ಲ. ಧರ್ಮಸಭೆ ಹಿಂಜರಿದ ತೀರ್ಪನ್ನು ಊರು ಕೊಟ್ಟುಬಿಟ್ಟಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಅಲ್ಲಿ ಶಿಲುಬೆ ನೆಟ್ಟವರು ಯಾರು? ಭೂಮಿ ನುಂಗಿದ ಪಾಪಿಷ್ಠೆಯ ಜಾಗಕ್ಕೆ ಒಂದು ಕಲ್ಲುರಾಶಿ ಸಾಕಿತ್ತು. ಶಾಪದ ಗುರುತಿಗೆ ಯಾರೂ ಶಿಲುಬೆಯನ್ನು ಕಡೆದು ನಿಲ್ಲಿಸುವುದಿಲ್ಲ. ಎಂದೋ ಒಬ್ಬರು ಕಲ್ಲು ಕಡೆದು ಹೊತ್ತು ತಂದಿದ್ದಾರೆ. ಅವಳ ಗಂಡನೇ ಇರಬಹುದು ಎಂದು ಊಹಿಸಿಕೊಳ್ಳಲು ನನಗೆ ಆಸೆ. ಊಹೆ ಅಷ್ಟೇ, ಇದಕ್ಕೆ ಆಧಾರವಿಲ್ಲ.

ಲೊಕ್ರೊನಾನಿನ ದೇವಾಲಯದ ಪಕ್ಕದ ಪ್ರಾರ್ಥನಾಲಯದಲ್ಲಿ ಸಂತ ರೊನಾನರ ಸಮಾಧಿ ಇದೆ. ಆರು ದೇವದೂತರು ಹೊತ್ತ ಕಲ್ಲಿನ ಮಂಚದ ಮೇಲೆ ಸಂತರು ಮಲಗಿದ್ದಾರೆ. ಹಿಂದೆ ಭಕ್ತರು ಬಗ್ಗಿ ಅದರ ಅಡಿಯಿಂದ ತೂರಿ ಹೋಗುತ್ತಿದ್ದರಂತೆ. ದೇವಾಲಯದೊಳಗೆ 1707ರಲ್ಲಿ ಮಾಡಿದ ಮರದ ಪ್ರಬೋಧನಾ ಪೀಠವಿದೆ. ಅದರ ಮೇಲೆ ಹತ್ತು ಕೆತ್ತನೆಯ ಫಲಕಗಳಲ್ಲಿ ರೊನಾನರ ಜೀವನ ಚಿತ್ರಿತವಾಗಿದೆ. ಕೆಬೆನ್‌ಳ ಕಥೆಯೂ ಅದರಲ್ಲಿದೆ. ಮುನ್ನೂರು ವರ್ಷಗಳಿಂದ ಆ ಪೀಠ ಹತ್ತಿ ಕ್ಷಮೆಯ ಬಗ್ಗೆ ಮಾತನಾಡಿದ ಒಬ್ಬೊಬ್ಬ ಗುರುವಿನ ಮೊಣಕೈಯ ಕೆಳಗೂ ಅವಳು ಇದ್ದಳು. ಮುಂದಿನ ಮಹಾ ತ್ರೊಮೆನಿ 2031ಕ್ಕೆ. ಅಲ್ಲಿಯವರೆಗೂ ಆ ಶಿಲುಬೆ ದಾರಿಯ ಬದಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತದೆ.